ಗಡಿಕಲ್ಲಿನಾಚೆ ಎಂಟು ಮೈಲಿ

ತಂಗಿ ಕಸ್ತೂರಿಯ ಕಾಗದ ಬಂದಾಗ ನಮ್ಮ ಮನೆಯವರು ಬೆಟ್ಟ ಹತ್ತುತ್ತಿದ್ದರು. ಬೆಟ್ಟ ಇದ್ದದ್ದು ಟಿವಿಯೊಳಗೆ. ಇವರು ಚಾಪೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು, ಗುಂಡಿಗಳಿದ್ದ ಕರಿ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಾವೇ ಬಂಡೆಗೆ ಜೋತುಬಿದ್ದವರಂತೆ ಹಲ್ಲು ಕಚ್ಚಿದ್ದರು. ಇವರ ಹೆಸರು ಅಡಿವೆಪ್ಪ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇವರದು. ಲಾರಿ ಡ್ರೈವರನೊಬ್ಬ ಈ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ರಿಪೇರಿಗೆಂದು ಕೊಟ್ಟುಹೋಗಿದ್ದ. ಮುಂದಿನ ಸಲ ಬಂದವನು, "ನನ್ನ ಮಗ ಹೊಸಾದು ತಗೊಂಡಾನ, ಇದನ್ನ ನೀವ ಇಟ್ಕೊಳ್ರಿ" ಅಂದುಬಿಟ್ಟ. ಅಂದಿನಿಂದ ಮಧ್ಯಾಹ್ನ ಊಟಕ್ಕೆ ಬಂದರೆ ನಾಲ್ಕು ಗಂಟೆಯವರೆಗೆ ಅದರ ಮುಂದೆಯೇ. ನಾನು ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು ಮನೆಗೆ ಬರುವ ಹೊತ್ತಿಗೆ ಇವರು ಎಷ್ಟೋ ಹರದಾರಿ ದೂರ ಹೋಗಿರುತ್ತಿದ್ದರು.

ಕಾಗದದಲ್ಲಿ ಹೀಗಿತ್ತು: "ಅಕ್ಕಾ, ನನಗೀಗ ಏಳು ತಿಂಗಳು. ಸಾಕಿದ ಅವ್ವ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಮನೆಯವರು ಬೋರ್‌ವೆಲ್ ಗಾಡಿಯ ಜೊತೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ನನಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ. ನಿಮ್ಮೂರಿನ ಕಷ್ಟ ಗೊತ್ತಿದ್ದೂ ಕೇಳುತ್ತಿದ್ದೇನೆ. ಬಾಣಂತನಕ್ಕೆ ಬರುತ್ತೀಯಾ?"

ನಮ್ಮೂರಿನ ಕಷ್ಟ ಅಂದರೆ ಗಡಿಕಲ್ಲು. ಊರ ಪೂರ್ವಕ್ಕೆ, ರಸ್ತೆ ಬದಿಗೆ, ಸೊಂಟದೆತ್ತರದ ಒಂದು ಕಲ್ಲಿದೆ. ಅದನ್ನು ದಾಟಿದ ನಮ್ಮೂರಿನವರಿಗೆ ತಾವು ಯಾಕೆ ಹೊರಟಿದ್ದೇವೆ ಎಂಬುದು ಮರೆತುಹೋಗುತ್ತದೆ. ಹೆಸರು ನೆನಪಿರುತ್ತದೆ, ಮನೆ ನೆನಪಿರುತ್ತದೆ, ಒಲೆಯ ಮೇಲೆ ಏನಿಟ್ಟು ಬಂದೆವು ಎಂಬುದೂ ನೆನಪಿರುತ್ತದೆ. ಹೊರಟ ಕಾರಣ ಮಾತ್ರ ಇರುವುದಿಲ್ಲ, ಅದರೊಡನೆ ಯಾರಿಗಾಗಿ ಹೊರಟೆವೋ ಅವರೂ ಮರೆತಿರುತ್ತಾರೆ. ಕಾರಣವಿಲ್ಲದೆ ರಸ್ತೆಯ ನಡುವೆ ಯಾರು ಎಷ್ಟು ಹೊತ್ತು ನಿಂತಾರು? ಮನೆಯ ಕಡೆಗೆ ತಿರುಗುತ್ತಾರೆ. ಕಲ್ಲಿನ ಈಚೆ ಕಾಲಿಟ್ಟ ಕೂಡಲೇ ಎಲ್ಲ ಮರಳಿ ಬರುತ್ತದೆ. ಅದಕ್ಕೇ ಅಲ್ಲೊಂದು ಚಹಾದಂಗಡಿ, ಅದರ ಮುಂದೊಂದು ಬೆಂಚು. ಹಾಗೆ ತಿರುಗಿ ಬಂದವರಿಗೆ ಮೊದಲ ಚಹಾ ಪುಕ್ಕಟೆ. ಅವರನ್ನು ನೋಡಿ ಯಾರೂ ನಗುವುದಿಲ್ಲ, ಏನನ್ನೂ ಕೇಳುವುದಿಲ್ಲ. "ಎಲ್ಲಿಗೆ ಹೊಂಟೀರಿ?" ಎಂಬ ಮಾತನ್ನೇ ನಮ್ಮಲ್ಲಿ ಯಾರೂ ಆಡುವುದಿಲ್ಲ. ಹೆಣ್ಣು ಕೊಡುವುದು, ತರುವುದು ಊರೊಳಗೇ. ಹೊರಗಿನವರು ಸರಾಗವಾಗಿ ಬಂದು ಹೋಗುತ್ತಾರೆ, ಆದರೆ ಇಲ್ಲೊಂದು ಮಳೆಗಾಲ ಕಳೆದರೆ ಅವರೂ ನಮ್ಮಂತೆಯೇ. ಹಲ್ಲು ಮೂಡದ ಕೂಸುಗಳಿಗೆ ಮಾತ್ರ ಕಲ್ಲಿನ ಕಾಟವಿಲ್ಲ.

ಕಸ್ತೂರಿ ಆಚೆ ಹೋದದ್ದು ಹಾಗೆ. ಅವಳನ್ನು ಹೆತ್ತು ನಮ್ಮವ್ವ ತೀರಿಹೋದಳು. ಸಂತೆಗೆ ಪಾತ್ರೆ ಮಾರಲು ಬರುತ್ತಿದ್ದ ಮಕ್ಕಳಿಲ್ಲದ ಗಂಡಹೆಂಡತಿ, ಕೂಸನ್ನು ನಾವು ಸಾಕುತ್ತೇವೆ ಅಂದರು. ನಾಲ್ಕು ತಿಂಗಳ ಅವಳನ್ನು ಗಡಿಕಲ್ಲಿನವರೆಗೆ ಎತ್ತಿಕೊಂಡು ಹೋದವಳು ನಾನು. ಆಗ ನನಗೆ ಎಂಟು ವರ್ಷ. ಕಲ್ಲಿನ ಆಚೆ ನಿಂತು ಆ ಹೆಂಗಸು ಕೈ ಚಾಚಿದಳು, ನಾನು ಈಚೆ ನಿಂತು ಕೊಟ್ಟೆ. ಮೂವತ್ತು ವರ್ಷವಾಯಿತು. ಇಲ್ಲಿ ಹುಟ್ಟಿದವಳು ಒಮ್ಮೆ ಬಂದರೆ ಕಲ್ಲು ಮತ್ತೆ ಬಿಡದೆಂದು ಸಾಕಿದವರು ಅವಳನ್ನು ಕಳಿಸಲೇ ಇಲ್ಲ. ಹಬ್ಬಕ್ಕೊಂದು ಕಾಗದ ಬರುತ್ತದೆ, ಅಷ್ಟೇ. ಅವಳಿರುವುದು ಎಂಟು ಮೈಲಿ ದೂರದಲ್ಲಿ.

ಕಾಗದವನ್ನು ಇವರಿಗೆ ಓದಿ ಹೇಳಿದೆ. ಇವರು ಆಟ ನಿಲ್ಲಿಸಿ, ಹಿಡಿಕೆ ಕೆಳಗಿಟ್ಟು, "ಏನ್ ಮಾಡ್ತೀ, ದಾಕ್ಷಾಯಿಣಿ?" ಅಂದರು.

"ಹೋಗ್ತೀನಿ" ಅಂದೆ.

ಮರುದಿನವೇ ಬಸ್ಸು ಹತ್ತಿದೆ. ಕಾಗದ ಕೈಯಲ್ಲೇ ಇತ್ತು. ಕಲ್ಲು ದಾಟಿದ್ದು ಗೊತ್ತಾಯಿತು, ಯಾಕೆಂದರೆ ಎದೆಯೊಳಗೆ ಅಷ್ಟು ಹೊತ್ತು ಕುದಿಯುತ್ತಿದ್ದದ್ದು ಒಮ್ಮೆಲೇ ತಣ್ಣಗಾಯಿತು. ಕಂಡಕ್ಟರ್ ಮೌಲಾಸಾಬ ಹೊರಗಿನವನು, ನಮ್ಮನ್ನೆಲ್ಲ ಬಲ್ಲವನು. "ಅಕ್ಕಾರ, ನಿಮ್ಮ ತಂಗಿ ಬಾಣಂತನಕ್ಕ ಹೊಂಟೀರಿ. ಕಾಗದ ನೋಡ್ರಿ" ಅಂದ. ನೋಡಿದೆ, ಅಕ್ಷರ ಅಕ್ಷರವನ್ನೂ ಓದಿದೆ. ಯಾರದೋ ಮನೆಯ ಕಾಗದ ತಪ್ಪಿ ನಮ್ಮ ಮನೆಗೆ ಬಂದರೆ ಹೇಗಿರುತ್ತದೋ ಹಾಗಿತ್ತು. "ಇರಬಹುದು ಬಿಡಪ್ಪ" ಅಂದು ಇಳಿದುಬಿಟ್ಟೆ. ನಡೆದು ವಾಪಸು ಬಂದು ಕಲ್ಲಿನ ಈಚೆ ಕಾಲಿಡುತ್ತಲೇ ಆ ಕುದಿತ ಮತ್ತೆ ಬಂದು ಎದೆಗೆ ಗುದ್ದಿತು. ಬೆಂಚಿನ ಮೇಲೆ ಕೂತು ಚಹಾ ಕುಡಿಯಲಾರದೆ ಅತ್ತೆ.

ಎರಡನೆಯ ಸಲ ಅಂಗೈ ಮೇಲೆ ಕಸ್ತೂರಿ ಎಂದು ಬರೆದುಕೊಂಡು ಹೋದೆ. ಮೂರನೆಯ ಸಲ ಇವರನ್ನೇ ಕರೆದುಕೊಂಡು ಹೋದೆ, ಒಬ್ಬರಿಗೊಬ್ಬರು ನೆನಪಿಸೋಣವೆಂದು. ಕಲ್ಲು ದಾಟಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಬಿಸಿಲು ಬಹಳವಾಯಿತೆಂದು ಮಾತಾಡಿಕೊಂಡು ತಿರುಗಿ ಬಂದೆವು.

ಹೀಗೆ ಸೋತು ಬಂದ ಮಧ್ಯಾಹ್ನಗಳಲ್ಲೇ ನಾನು ಇವರ ಆಟವನ್ನು ಕೂತು ನೋಡತೊಡಗಿದ್ದು. ಮೊದಲು ನೋಡುತ್ತಿದ್ದದ್ದು ಸಿಟ್ಟಿನಿಂದ. ಆಟದಲ್ಲಿ ಬೂದುಬಣ್ಣದ ಕಂಬಳಿ ಹೊದ್ದವನೊಬ್ಬ ಇದ್ದ. ಮೊದಲಿಗೇ ಒಂದು ಹಳ್ಳಿಯ ಮುದುಕಿ ಅವನ ಕೈ ಹಿಡಿದು, ಗುಡ್ಡಗಳಾಚೆಯ ಗೋಪುರದಲ್ಲಿ ಸಿಕ್ಕಿಬಿದ್ದಿರುವ ಮೊಮ್ಮಗಳನ್ನು ತಂದುಕೊಡೆಂದು ಬೇಡುತ್ತಾಳೆ. ದಾರಿ ತೋರಲು ಒಂದು ಕೆಂಪು ಗುರುತೂ ಇರುತ್ತದೆ. ಇವರು ಆ ಗುರುತನ್ನೇ ಕಾಣದಂತೆ ಆಫ್ ಮಾಡಿಟ್ಟಿದ್ದರು. ದಿನವಿಡೀ ಅಣಬೆ ಕೀಳುವುದು, ಕುದುರೆಗೆ ನೀರು ಕುಡಿಸುವುದು, ಮಳೆ ಬಂದರೆ ಬಂಡೆಯ ಮರೆಯಲ್ಲಿ ಬೆಂಕಿ ಹಾಕಿಕೊಂಡು ಕೂರುವುದು.

"ಆ ಮುದುಕಿ ಕಾಯಾಕತ್ತಾಳಲ್ರಿ" ಅಂದೆ ಒಂದು ದಿನ, ತಡೆಯಲಾರದೆ. "ಮಾತು ಕೊಟ್ಟು ಬಂದೀರಿ."

"ಹೋದ್ರಾತು. ಈ ದಿಬ್ಬದ ಆಚಿ ಏನೈತಿ ನೋಡೂಣು, ತಡಿ."

"ಎಲ್ಲಿಗಂತ ಗೊತ್ತಿಲ್ದ ಹೆಂಗ ಹೋಗ್ತೀರಿ ನೀವು?"

"ಎಲ್ಲಿಗಂತ ಯಾಕ ಬೇಕು? ಅಲ್ಲೆ ಹೊಗಿ ಏಳಾಕತ್ತೇತಿ. ಯಾಕಂತ ನೋಡಾಕ ಹೋಗೂದು. ಹೋದ್ರ ಅಲ್ಲಿಂದ ಇನ್ನೊಂದು ಕಾಣ್ತೈತಿ."

ನನಗೆ ಇದು ತಿಳಿಯುತ್ತಿರಲಿಲ್ಲ. ನಾನು ಕೆಲಸವಿಲ್ಲದೆ ಬಾವಿಯವರೆಗೂ ಹೋದವಳಲ್ಲ. ಆದರೂ ಕೂತು ನೋಡಿದೆ. ಇವರು ಒಂದು ಬಿಳಿ ನರಿಯ ಹಿಂದೆ ಬಿದ್ದು ಕಾಡು ಹೊಕ್ಕರು. ನರಿ ತಪ್ಪಿಸಿಕೊಂಡಿತು, ಆದರೆ ಅಲ್ಲೊಂದು ಮುರಿದ ಸೇತುವೆ ಕಂಡಿತು. ಸೇತುವೆಯಿಂದ ಜಾರಿಬಿದ್ದು ಹೊಳೆ ಪಾಲಾದರು. ಹೊಳೆ ಒಯ್ದು ಹಾಕಿದ ದಂಡೆಯಲ್ಲಿ ಒಂದು ಹಾಳು ಗೋಡೆ. ಗೋಡೆಯಲ್ಲೇನೋ ಹೊಳೆದಂತಾಯಿತೆಂದು ಹತ್ತಿದರು, ಬಿದ್ದರು, ಮತ್ತೆ ಹತ್ತಿದರು. ಮೇಲೆ ಒಂದು ಕಿಟಕಿ. ಕಿಟಕಿಯೊಳಗೆ ಕೂತಿದ್ದಳು ಮುದುಕಿಯ ಮೊಮ್ಮಗಳು.

"ಅರೆ!" ಅಂದರು ಇವರು. "ಇದ ಗೋಪುರ ನೋಡು!"

ನಾನು ನೆಟ್ಟಗಾಗಿ ಕೂತೆ. ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟೆ. ಇವರು ಮೊಮ್ಮಗಳನ್ನು ಹುಡುಕಲು ಹೊರಟಿರಲೇ ಇಲ್ಲ. ಒಂದೊಂದು ಹೆಜ್ಜೆಯಲ್ಲೂ ಇವರಿಗಿದ್ದದ್ದು ಕಣ್ಣೆದುರಿನದು ಮಾತ್ರ. ಹೊತ್ತು ಹೊರಟ ಕಾರಣವನ್ನಲ್ಲವೇ ನಮ್ಮ ಕಲ್ಲು ಕಸಿಯುವುದು? ಹೊತ್ತೇ ಇರದಿದ್ದರೆ ಅದು ಏನನ್ನು ಕಸಿದೀತು?

"ನನಗೂ ಆಡೂದು ಕಲಿಸ್ರಿ" ಅಂದೆ.

ಇವರು ನಗಲಿಲ್ಲ. ಹಿಡಿಕೆಯನ್ನು ನನ್ನ ಕೈಗಿಟ್ಟರು.

ಎರಡು ವಾರ ಕಲಿತೆ. ಬೆರಳಿಗಿಂತ ಮನಸ್ಸನ್ನು ಪಳಗಿಸುವುದು ಕಷ್ಟವಾಯಿತು. ಕೆಂಪು ಗುರುತು ಆಫ್ ಮಾಡಿದ್ದರೂ ಮನಸ್ಸಿನಲ್ಲಿ ನನಗದು ಕಾಣುತ್ತಲೇ ಇತ್ತು. "ಮುಂದ ನೋಡು, ಮುಂದ" ಅನ್ನುತ್ತಿದ್ದರು ಇವರು. "ಈಗ ಏನ್ ಕಾಣಾಕತ್ತೇತಿ ಅದನ್ನ ಹೇಳು." ಕಾಣುವುದನ್ನು ಹೇಳುತ್ತಿದ್ದೆ: ಗಿಡ, ಹಕ್ಕಿ, ಮುರುಕು ಗಾಡಿ. ಸಂಜೆಗೆ ಊರೊಳಗೂ ಹಾಗೇ ನಡೆದೆ. ಒಂದು ದಿನ ಒಂಟಿ ಕೋಳಿಯ ಹಿಂದೆ ಹೋಗಿ ಕುಂಬಾರರ ಓಣಿ ಸೇರಿದೆ. ಸುಟ್ಟ ಮಣ್ಣಿನ ವಾಸನೆ ಹಿಡಿದು ಆವಿಗೆಯವರೆಗೆ ಹೋದೆ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೂ ಆವಿಗೆಯ ಹಿಂದೊಂದು ಹೊಂಡವಿದೆ, ಅದರ ತುಂಬ ನೈದಿಲೆ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಓಣಿಯ ಹೆಂಗಸರು ದಾಕ್ಷಾಯಿಣಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅಂದುಕೊಳ್ಳಲಿ ಎಂದು ಮರುದಿನವೂ ನಡೆದೆ. ಕಸ್ತೂರಿಗೆ ಎಂಟು ತಿಂಗಳು ತುಂಬಿ ಒಂಬತ್ತು ನಡೆದಿತ್ತು. ಶಾಲೆಗೆ ಬೇಸಿಗೆ ರಜೆ ಬಿಟ್ಟಿತ್ತು.

ಈ ನಡುವೆ ಇವರು ಮೌಲಾಸಾಬನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಗುಸುಗುಸು ಮಾತಾಡುವುದನ್ನು ಎರಡು ಸಲ ಕಂಡಿದ್ದೆ. ಕೇಳಿದರೆ ಮೋಟರಿನ ವಿಷಯ ಅಂದರು.

ಹೊರಟ ಬೆಳಿಗ್ಗೆ ನಾನು ಕಾಗದವನ್ನು ಮನೆಯಲ್ಲೇ ಬಿಟ್ಟೆ. ಚೀಲದಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು, ಎರಡು ಸೀರೆ. ಬಸ್ಸು ಬೇಡವೆಂದರು ಇವರು. ಬಸ್ಸಿನಲ್ಲಿ ಸುಮ್ಮನೆ ಕೂತರೆ, ಯಾಕೆ ಕೂತೆ ಎಂಬ ಪ್ರಶ್ನೆ ಏಳುತ್ತದೆ. ಕಾಲು ನಡೆಯುತ್ತಿದ್ದರೆ ಏಳುವುದಿಲ್ಲ. ಕಲ್ಲಿನವರೆಗೆ ಜೊತೆಗೆ ಬಂದು, "ಏನ್ ಕಾಣಾಕತ್ತೇತಿ?" ಎಂದು ಕೇಳಿದರು.

"ಹುಣಸಿ ಗಿಡ. ಅದರ ಟೊಂಗಿಗೆ ಏನೋ ಹಳದಿ ಹಾರಾಡಾಕತ್ತೇತಿ."

"ಹಂಗಾರ ಅದೇನಂತ ನೋಡಿ ಬಾ" ಅಂದು ಕೈ ಬಿಟ್ಟರು.

ದಾಟಿದೆ. ಎದೆ ತಣ್ಣಗಾಯಿತು. ಆದರೆ ಹಳದಿಯದು ಇನ್ನೂ ಹಾರಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬಟ್ಟೆಯ ಚೂರು. ಅಲ್ಲಿಂದ ಕಣ್ಣೆತ್ತಿದರೆ ಹಾಳುಬಿದ್ದ ಇಟ್ಟಿಗೆ ಭಟ್ಟಿಯ ಚಿಮಣಿ, ಅದರ ಕೆಳಗೊಂದು ಕೆಂಪು. ಅದನ್ನೂ ನೋಡೋಣವೆಂದು ನಡೆದೆ. ಚಿಮಣಿಯಿಂದ ಕಾಲುವೆಯ ತೂಬು ಕಂಡಿತು, ತೂಬಿನ ಹಲ್ಲಿಗೆ ಸಿಕ್ಕಿಸಿದ ಹಸಿರು ಚೂರು. ಕಾಲುವೆಯ ನೀರಲ್ಲಿ ಕಾಲು ಇಳಿಬಿಟ್ಟು ರೊಟ್ಟಿ ತಿಂದೆ. ನನ್ನ ಆಯುಷ್ಯದಲ್ಲಿ ಅಷ್ಟು ಹಗುರವಾಗಿ ನಡೆದ ದಿನ ಇನ್ನೊಂದಿಲ್ಲ.

ಐದು ಮೈಲಿ ಹೀಗೇ ಸಾಗಿತು. ಒಂದು ತೋಟದ ಬಾಗಿಲಲ್ಲಿ ನಿಂತಿದ್ದ ಹೆಂಗಸು ನೀರು ಕೊಟ್ಟಳು. ಒಳ್ಳೆಯವಳು. ಕುಡಿದು ಚೊಂಬು ಹಿಂದಿರುಗಿಸುವಾಗ ಕೇಳಿದಳು: "ಎಲ್ಲಿಗೆ ಹೊಂಟೀರಿ, ಯವ್ವಾ? ಇಷ್ಟ ಬಿಸಲಾಗ?"

ಆ ಮಾತಿಗೆ ಕಾಲು ಹೂತಂತಾಯಿತು. ಎಲ್ಲಿಗೆ? ಇಷ್ಟು ದೂರ ಯಾಕೆ ಬಂದೆ, ಮನೆಯಲ್ಲಿ ಇವರಿಗೆ ಊಟಕ್ಕೆ ಯಾರಿದ್ದಾರೆ, ಬಾಗಿಲಿಗೆ ನೀರು ಹಾಕಿದ್ದೆನೇ ಎಂದು ಒಂದರ ಹಿಂದೊಂದು ಏಳತೊಡಗಿದವು. "ಮನಿಗೆ" ಎಂದು ಹೇಳಿ ಬಂದ ದಾರಿಗೇ ತಿರುಗಿದೆ. ಹತ್ತಿಪ್ಪತ್ತು ಹೆಜ್ಜೆ ಹಾಕಿಯೂ ಬಿಟ್ಟೆ.

ಆಗ ಬಲಗಡೆ ಬೇಲಿಯಲ್ಲಿ ಜರಿ ಹೊಳೆಯಿತು. ಕೆಂಪಂಚಿನ ಗಿಳಿಹಸಿರು ಇಳಕಲ್ ಸೀರೆಯ ಚೂರು. ಅಂಚಿನಲ್ಲೊಂದು ಸಣ್ಣ ಸುಟ್ಟ ಕಲೆ. ಆ ಕಲೆ ಮಾಡಿದವಳು ನಾನೇ, ಮದುವೆಯಾದ ಮೊದಲ ವರ್ಷ, ಇಸ್ತ್ರಿಪೆಟ್ಟಿಗೆಯಿಂದ. ಅದು ನನ್ನ ಸೀರೆ! ಟ್ರಂಕಿನ ತಳದಲ್ಲಿ ಮಡಿಸಿಟ್ಟ ನನ್ನ ಧಾರೆಯ ಸೀರೆಯನ್ನು ಯಾರೋ ಹರಿದು ಬೇಲಿಗೆ ಕಟ್ಟಿದ್ದಾರೆ!

ಮೈಯೆಲ್ಲ ಉರಿಯಿತು. ಕಲ್ಲು ಕಸಿಯುವುದು ನಾವು ಊರಿನಿಂದ ಹೊತ್ತು ತಂದದ್ದನ್ನು. ಆಚೆಯಲ್ಲೇ ಹುಟ್ಟಿದ ಸಿಟ್ಟಿಗೆ ಅದರ ಹಂಗಿಲ್ಲ. ಚೂರನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದು ಸುತ್ತ ನೋಡಿದೆ. ದೂರದ ನೀರಿನ ಟಾಕಿಯ ಏಣಿಗೆ ಇನ್ನೊಂದು ಚೂರು. ಅದೂ ನನ್ನದೇ. "ಯಾರದು ಈ ಕೆಲಸ? ತೋರಸ್ತೀನಿ ತಡಿ" ಎಂದು ಗಟ್ಟಿಯಾಗಿ ಬೈಯುತ್ತಾ ನಡೆದೆ. ಮುಂದಿನ ಮೂರು ಮೈಲಿ ನಡೆದೆನೋ ಓಡಿದೆನೋ ಗೊತ್ತಿಲ್ಲ. ಟಾಕಿಯಿಂದ ಸೊಸೈಟಿ ಕಟ್ಟಡ, ಅಲ್ಲಿಂದ ಹಿಟ್ಟಿನ ಗಿರಣಿ, ಗಿರಣಿಯಿಂದ ಒಂದು ಓಣಿ. ಓಣಿಯ ಕೊನೆಯ ಮನೆಯ ಬಾಗಿಲ ಚೌಕಟ್ಟಿಗೆ ಸೀರೆಯ ಸೆರಗೇ ತೂಗಾಡುತ್ತಿತ್ತು. ಹೊಸ್ತಿಲಲ್ಲಿ ಒಬ್ಬ ತುಂಬುಬಸುರಿ ನಿಂತಿದ್ದಳು.

ಮೂವತ್ತು ವರ್ಷಗಳ ಮೇಲೆ ನನ್ನ ತಂಗಿಗೆ ನಾನು ಆಡಿದ ಮೊದಲ ಮಾತು: "ನನ್ನ ಸೀರಿ ಯಾಕ ಹರದೀ?"

ಅವಳು ನಕ್ಕಳೋ ಅತ್ತಳೋ, ಎರಡೂ ಕೂಡಿ ಬಂದವು. ಹತ್ತಿರ ಬಂದು ನನ್ನ ತೋಳು ಹಿಡಿದಳು. ನನಗೆ ಅವಳು ಯಾರೋ ಬಸುರಿ ಹೆಂಗಸು, ಅಷ್ಟೇ. "ಅಕ್ಕಾ" ಅಂದಳು. ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ. "ಸೀರಿ ವಿಷಯ ಆಮ್ಯಾಲೆ ಹೇಳ್ತೀನಿ. ಒಲಿ ಮ್ಯಾಲ ಹಾಲು ಉಕ್ಕಾಕತ್ತೇತಿ, ನನಗ ಬಗ್ಗಾಕ ಆಗವಲ್ದು. ಒಂದೀಟು ನೋಡಕ್ಕಾ."

ಹಾಲು ಉಕ್ಕುವಾಗ ನಿಂತು ಮಾತಾಡುವ ಹೆಂಗಸು ಯಾರಿದ್ದಾಳೆ? ಒಳಗೆ ಹೋಗಿ ಇಳಿಸಿದೆ. ಇಳಿಸಿದ ಮೇಲೆ ನೋಡಿದರೆ ಹಂಡೆಯಲ್ಲಿ ನೀರಿಲ್ಲ. ತುಂಬಿದೆ. ತುಂಬುವಾಗ ಅವಳ ಕಾಲು ಕಂಡವು, ಬಾತು ಕುಂಬಳಕಾಯಿಯಂತಾಗಿದ್ದವು. ಎಣ್ಣೆ ಕಾಯಿಸಿದೆ. ಅವಳು ನನಗೆ ಏನನ್ನೂ ವಿವರಿಸಲಿಲ್ಲ. ಯಾಕೆ ಬಂದಿದ್ದೇನೆಂದು ಹೇಳಕೂಡದು, ಮುಂದಿನ ಕೆಲಸ ಮಾತ್ರ ತೋರಿಸಬೇಕು ಎಂದು ಇವರು ಮೌಲಾಸಾಬನ ಕೈಲಿ ಹೇಳಿ ಕಳಿಸಿದ್ದು ನನಗೆ ತಿಳಿದದ್ದು ಆಮೇಲೆ. ಟ್ರಂಕಿನಿಂದ ಸೀರೆ ತೆಗೆದು ಹರಿದವರು ಇವರು, ಆ ಚೂರುಗಳನ್ನೂ ಮೊದಲಿನ ಹಳದಿ, ಕೆಂಪು ಬಟ್ಟೆಗಳನ್ನೂ ದಾರಿಗುಂಟ ಕಟ್ಟಿದವನು ಮೌಲಾಸಾಬ. ಎಲ್ಲೆಲ್ಲಿ ಕಟ್ಟಬೇಕು, ಯಾವುದರಿಂದ ಯಾವುದು ಕಾಣಬೇಕು ಎಂದು ಇವರು, ತಾವು ಒಂದು ದಿನವೂ ಕಂಡಿರದ ರಸ್ತೆಯನ್ನು, ಅವನ ಬಾಯಿಂದ ಕೇಳಿ ಕೇಳಿ ಗುರುತು ಹಾಕಿದ್ದರು.

ಒಂಬತ್ತನೆಯ ದಿನ ಕಸ್ತೂರಿಗೆ ನೋವು ಬಂತು. ಆಟೋ ತರಿಸಿ ಆಸ್ಪತ್ರೆಗೆ ಒಯ್ದೆ. ಹೊರಗಿನ ಬೆಂಚಿನಲ್ಲಿ ಕೂತಾಗ ನರ್ಸಮ್ಮ ಬಂದು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದಳು. ಆ ಪ್ರಶ್ನೆಗೆ ಇನ್ನೊಮ್ಮೆ ಕಾಲು ಮನೆಯ ಕಡೆ ಎಳೆಯಿತು. ನಾನು ಇವಳಿಗೆ ಯಾರು, ಇಲ್ಲೇನು ಮಾಡುತ್ತಿದ್ದೇನೆ? ಎದ್ದು ನಿಂತೂ ಬಿಟ್ಟೆ. ಒಳಗಿನಿಂದ ಅವಳ ಕೂಗು ಕೇಳಿಸಿತು. ಎದುರಿಗಿರುವುದು ಇದು, ಇದೊಂದನ್ನು ನೋಡಿ ಹೋಗೋಣವೆಂದು ಹಲ್ಲು ಕಚ್ಚಿ ನರ್ಸಮ್ಮನ ಕೈಗೆ ಬಟ್ಟೆಯ ಗಂಟು ಕೊಟ್ಟೆ. "ಏನ ಆಗಲಿ, ನಾ ಇಲ್ಲೇ ಇರ್ತೀನಿ" ಅಂದೆ.

ಆ ಮೇಲೆ ದಿನಾ ಬೆಳಿಗ್ಗೆ ಇದೇ ಕಥೆ. ಕಣ್ಣು ಬಿಟ್ಟ ಕೂಡಲೇ ಮನೆಗೆ ಹೋಗಬೇಕೆನಿಸುವುದು. ಕೂಸಿಗೊಂದು ನೀರು ಹಾಕಿ ಹೊರಟರಾಯಿತೆಂದುಕೊಳ್ಳುವುದು. ನೀರು ಹಾಕಿದರೆ ಸಾಂಬ್ರಾಣಿ ಹೊಗೆ ಹಿಡಿಯಬೇಕು, ಬಾಣಂತಿಗೆ ಖಾರ ಕುಟ್ಟಬೇಕು, ತೊಟ್ಟಿಲು ತೂಗಬೇಕು. ನಲವತ್ತು ಬೆಳಗುಗಳನ್ನು ಹೀಗೆ ಒಂದೊಂದಾಗಿ ದಾಟಿದೆ. ಕಾರಣ ಒಂದು ದಿನವೂ ಗೊತ್ತಿರಲಿಲ್ಲ. ಬಿಡಬಾರದು ಎಂಬುದಷ್ಟೇ ಕೈಗೆ ಗೊತ್ತಿತ್ತು.

ಕಸ್ತೂರಿಯ ಗಂಡ ರಜೆ ಹಾಕಿ ಬಂದ. ನನಗೆ ಶಾಲೆ ತೆರೆಯುವ ದಿನ ನೆನಪಾಯಿತು. ಬಸ್ಸು ಹತ್ತಿಸಲು ಬಂದ ಕಸ್ತೂರಿ ಕೂಸನ್ನು ಇನ್ನೊಮ್ಮೆ ನನ್ನ ತೋಳಿಗಿಟ್ಟು, "ಮತ್ತ ಬರ್ತೀಯೇನಕ್ಕಾ?" ಎಂದು ಕೇಳಿದಳು. ಪರಿಚಯದವರಿಗೆ ಹೇಳುವಂತೆ, "ನೋಡೂಣವ್ವಾ, ಪುರುಸೊತ್ತಾದ್ರ" ಅಂದೆ. ಅವಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಳ್ಳಲಿಲ್ಲ.

ಇವರು ಗಡಿಕಲ್ಲಿನ ಬಳಿ ನಿಂತಿದ್ದರು. ಮೌಲಾಸಾಬ ಬಸ್ಸನ್ನು ಕಲ್ಲಿನ ಆಚೆಯೇ ನಿಲ್ಲಿಸಿದ. ಇಳಿದು, ನಡೆದು, ಈಚೆಗೆ ಕಾಲಿಟ್ಟೆ.

ಎಲ್ಲವೂ ಒಟ್ಟಿಗೆ ಬಂತು. ನಾನು ಎಣ್ಣೆ ತಿಕ್ಕಿದ ಆ ಪಾದಗಳು ಯಾರವು, ಆ ಆಸ್ಪತ್ರೆಯಲ್ಲಿ ಕೂಗಿದವಳು ಯಾರು, ನಲವತ್ತು ದಿನ ನನ್ನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡದ್ದು ಯಾರ ರಕ್ತ, ಎಲ್ಲ. ಇವರು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಸುತ್ತ ಇದ್ದವರು ಎಂದಿನಂತೆ ಏನೂ ಕೇಳದೆ ಬೇರೆ ಕಡೆ ನೋಡಿದರು. ಇವರೊಬ್ಬರೇ ತಡೆಯದೆ ಕೇಳಿದರು, "ಗಂಡೋ ಹೆಣ್ಣೋ?"

"ಹೆಣ್ಣು" ಅಂದೆ. "ನನ್ನ ತಂಗಿ ಮಗಳು."

ನಲವತ್ತು ದಿನ ಎತ್ತಿ ಆಡಿಸಿದ ಕೂಸನ್ನು ನಾನು ಹಾಗೆ ಕರೆದದ್ದು ಅದೇ ಮೊದಲು. ಚಹಾದಂಗಡಿಯವನು ಲೋಟ ಹಿಡಿದು ನಿಂತಲ್ಲೇ ನಿಂತ. ಬೆಂಚಿನ ಆ ತುದಿಯಲ್ಲಿ ಆಗತಾನೇ ತಿರುಗಿ ಬಂದು ಮುಖ ಮುಚ್ಚಿ ಕೂತಿದ್ದ ಹೆಂಗಸೊಬ್ಬಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ಇನ್ನೊಮ್ಮೆ ಹೇಳು" ಅಂದರು ಇವರು.

ಅವಳಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.